ದಿನದ ಪಟ್ಟಿಗೆ ಯಾವ ಪೆನ್ನು: ಬಾಲ್, ಜೆಲ್, ಶಾಯಿ?

ತೀರ್ಥಹಳ್ಳಿ ಕಡೆಯ ತೋಟದ ಮನೆಯವರೊಬ್ಬರ ಪ್ರಶ್ನೆ: ಅಡಿಕೆ ಕೊನೆ ಇಳಿಸುವ ಕೊನೆಗೌಡರಿಗೆ ಹೇಳಿಕಳಿಸುವುದು, ಕೊಳೆರೋಗ ತಡೆಯುವ ಬೋರ್ಡೋ ಔಷಧಿ ಸಿಂಪಡಣೆಯ ದಿನ, ಬ್ಯಾಂಕಿನ ಕಂತು, ಇವನ್ನೆಲ್ಲ ನೋಟ್‌ಬುಕ್‌ನಲ್ಲಿ ಬರೆದಿಡಲು ಯಾವ ಪೆನ್ನು ಕೊಳ್ಳಲಿ?

ಮಲೆನಾಡಿನಲ್ಲಿ ಮೊದಲು ಕೇಳಬೇಕಾದದ್ದು ಮಳೆಯನ್ನು. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರ್‌ಗೂ ಹೆಚ್ಚು ಮಳೆ ಸುರಿಯುತ್ತದೆ; ಆಷಾಢದಲ್ಲಿ ಕಪಾಟಿನೊಳಗಿನ ಕಾಗದವೂ ಮೆತ್ತಗಾಗುತ್ತದೆ. ಬಾಲ್ ಪೆನ್ನಿನ ಮಸಿ ಎಣ್ಣೆಯಂಶದ್ದು, ಹನಿ ಬಿದ್ದರೂ ಅಕ್ಷರ ಹರಡುವುದಿಲ್ಲ. ಆದರೆ ಒದ್ದೆ ಹಾಳೆಯ ಮೇಲೆ ಅದು ಬರೆಯಲು ಹಟ ಮಾಡುತ್ತದೆ. (ಅಂಥ ಹೊತ್ತಿಗೆ ಜೇಬಿನಲ್ಲೊಂದು ಪೆನ್ಸಿಲ್ ತುಂಡು ಇರಲಿ.) ಸಾಮಾನ್ಯ ಶಾಯಿ ನೀರಿನಲ್ಲಿ ಕರಗುವಂಥದ್ದು, ಕೊಡೆಯಿಂದ ನಾಲ್ಕು ಹನಿ ಸೋರಿದರೆ ಸೋಮವಾರದ ಕೆಲಸ ಮಂಗಳವಾರದೊಳಗೆ ಸೇರಿಹೋಗುತ್ತದೆ. ಜೆಲ್‌ನಲ್ಲಿ ಎರಡು ಬಗೆ: ವರ್ಣಕಣಗಳಿರುವ ಮಸಿ ಒಣಗಿದ ಮೇಲೆ ನೀರನ್ನು ತಡೆಯುತ್ತದೆ, ಕರಗುವ ಬಣ್ಣದ್ದು ತಡೆಯುವುದಿಲ್ಲ. ಎರಡೂ ಒಣಗಲು ಹೊತ್ತು ಬೇಕು; ಎಡಗೈಯವರ ಅಂಗೈಯೇ ಸಾಕ್ಷಿ.

ಖರ್ಚಿನಲ್ಲಿ ಬಾಲ್ ಪೆನ್ನು ಅಗ್ಗ, ಬಾಳಿಕೆಯೂ ಹೆಚ್ಚು. ಜೆಲ್ ಬೇಗ ಮುಗಿಯುತ್ತದೆ. ಶಾಯಿ ಪೆನ್ನಿಗೆ ಆರಂಭದ ಹಣ ಜಾಸ್ತಿ. ಆಮೇಲೆ ಒಂದು ಬಾಟಲಿ ತಿಂಗಳುಗಟ್ಟಲೆ ಬರುತ್ತದೆ. ಆದರೆ ತೆಳು ಹಾಳೆಯಲ್ಲಿ ಶಾಯಿ ಹಿಂಬದಿಗೆ ಇಳಿಯುತ್ತದೆ. 80 ಜಿಎಸ್ಎಂ (ಚದರ ಮೀಟರಿಗೆ 80 ಗ್ರಾಂ ತೂಗುವ) ಅಥವಾ ಅದಕ್ಕಿಂತ ದಪ್ಪ ಕಾಗದವೇ ಲೇಸು.

ತೋಟ, ಬಸ್ಸು, ಸಂತೆ ಎಂದು ಓಡಾಡುವವರಿಗೆ ಬಾಲ್ ಪೆನ್ನು. ರಾತ್ರಿ ಮೇಜಿನ ಮುಂದೆ ಕುಳಿತು ಪುಟಗಟ್ಟಲೆ ಬರೆಯುವವರಿಗೆ ಶಾಯಿ: ಒತ್ತಬೇಕಾಗಿಲ್ಲ, ಬೆರಳು ನೋಯುವುದಿಲ್ಲ. ಗೋಡೆಯ ಕ್ಯಾಲೆಂಡರಿನಲ್ಲಿ ದೂರಕ್ಕೆ ಕಾಣುವಂತೆ ಗುರುತು ಹಾಕಲು ಜೆಲ್.