ನೂರು ರೂಪಾಯಿಯ ಆಯಿಲ್ ಫಿಲ್ಟರ್ ಕತ್ತರಿಸಿ ನೋಡಿದರೆ

ವ್ಯಾಗನ್ ಆರ್, ಆಲ್ಟೊ, ಸೆಲೆರಿಯೊ ಇಟ್ಟುಕೊಂಡವರಿಗೆ ಮೊದಲೇ ಹೇಳಿಬಿಡುತ್ತೇನೆ. ಎಂಜಿನ್ ಆಯಿಲ್ ಸೋಸುವ ಆಯಿಲ್ ಫಿಲ್ಟರ್‌ಗೆ ಜಾಸ್ತಿ ದುಡ್ಡು ಸುರಿಯುವ ಅಗತ್ಯ ಇಲ್ಲ. ನೂರು ರೂಪಾಯಿ ಆಸುಪಾಸಿನಲ್ಲೇ ಒಳ್ಳೆ ಮಾಲು ಸಿಗುತ್ತದೆ, ಕಾರ್ ಕಂಪನಿಯದ್ದೇ ಹೆಚ್ಚುಕಮ್ಮಿ ಅಷ್ಟಕ್ಕೆ ಬರುತ್ತದೆ. ಆದರೆ ಅದರಲ್ಲೂ ಇನ್ನೊಂದಿಷ್ಟು ಉಳಿಸೋಣ ಅಂತ ಹೆಸರಿಲ್ಲದ ಡಬ್ಬಿ ತಂದು ಹಾಕಿಸಬೇಡಿ. ಹೊರಗಿನಿಂದ ನೋಡಿದರೆ ಎರಡೂ ಒಂದೇ ತರ ಇರುತ್ತವೆ, ಕತ್ತರಿಸಿದಾಗಲೇ ಒಳಗಿನ ಬಂಡವಾಳ ಕಾಣೋದು.

ನಮ್ಮನೆ ಗಾಡಿ ವ್ಯಾಗನ್ ಆರ್ 1.0, ಕೆ10 ಪೆಟ್ರೋಲ್ ಎಂಜಿನ್. ಬೆಂಗಳೂರಲ್ಲಿ ಸ್ಪೇರ್ ಪಾರ್ಟ್ಸ್ ಅಂದ್ರೆ ಜೆಸಿ ರಸ್ತೆ, ಟೌನ್ ಹಾಲ್ ಕಡೆಯಿಂದ ಮಿನರ್ವ ಸರ್ಕಲ್ ತನಕ ಅದೇ ಅಂಗಡಿಗಳು. ಅಲ್ಲಿಂದ ಮೂರು ತರದ ಫಿಲ್ಟರ್ ತಂದೆ. ಒಂದು ಮಾರುತಿ ಜೆನ್ಯೂಯಿನ್, ಅಂದ್ರೆ ಕಾರ್ ಕಂಪನಿಯದ್ದೇ. ಇನ್ನೊಂದು ಫಿಲ್ಟರ್ ಮಾಡುವುದರಲ್ಲೇ ಹೆಸರು ಮಾಡಿದ ಕಂಪನಿಯದ್ದು, ಬಾಷ್, ಪ್ಯೂರೋಲೇಟರ್, ಎಲೋಫಿಕ್ ಅಂತೆಲ್ಲ ಸಿಗುತ್ತವಲ್ಲ, ಆ ಸಾಲಿನದ್ದು. ಮೂರನೆಯದು ಲೋಕಲ್. ಅದರ ಡಬ್ಬಿ ಬಣ್ಣ, ಅಕ್ಷರ ಎಲ್ಲಾ ಜೆನ್ಯೂಯಿನ್ ತರಾನೇ, ಗಮನ ಕೊಡದಿದ್ದರೆ ಗೊತ್ತೇ ಆಗಲ್ಲ. "ಎಲ್ಲಾ ಒಂದೇ ಕಡೆ ತಯಾರಾಗೋದು ಸಾರ್, ಡಬ್ಬಿ ಮಾತ್ರ ಬೇರೆ" ಅಂದರು ಅಂಗಡಿಯವರು. ಈ ಮಾತು ನೀವೂ ಕೇಳಿರುತ್ತೀರಿ.

ಕತ್ತರಿಸುವ ಮುಂಚೆ ಒಂದು ಮಾತು. ಹ್ಯಾಕ್ಸಾ ಬ್ಲೇಡ್ ಹಾಕಿ ಕುಯ್ಯಬೇಡಿ. ಕಬ್ಬಿಣದ ಪುಡಿ ಎಲ್ಲಾ ಒಳಗೆ ಬೀಳುತ್ತದೆ. ಹಳೇ ಫಿಲ್ಟರ್ ಆಗಿದ್ದರೆ ಆ ಪುಡಿ ಎಂಜಿನ್‌ದೋ ಬ್ಲೇಡಿಂದೋ ಅಂತ ಆಮೇಲೆ ಗೊತ್ತಾಗಲ್ಲ. ತಳದಲ್ಲಿ ತಗಡು ಮಡಿಸಿರುವ ಅಂಚನ್ನು ಗ್ರೈಂಡರ್‌ನಲ್ಲಿ ಹುಷಾರಾಗಿ ಸವೆಸಿದರೆ ಮುಚ್ಚಳ ಬಿಟ್ಟುಕೊಳ್ಳುತ್ತದೆ.

ಆಯಿಲ್ ಇದರೊಳಗೆ ಹೇಗೆ ಓಡಾಡುತ್ತದೆ ಅಂತ ಗೊತ್ತಿದ್ದರೆ ಉಳಿದಿದ್ದೆಲ್ಲ ಸಲೀಸು. ತಳದಲ್ಲಿ ಸುತ್ತಲೂ ಸಣ್ಣ ತೂತುಗಳಿವೆ, ಆಯಿಲ್ ಒಳಗೆ ಬರೋದು ಅಲ್ಲಿಂದ. ಮಡಿಕೆ ಮಡಿಕೆಯಾಗಿರುವ ಪೇಪರನ್ನು ಹೊರಗಿನಿಂದ ಒಳಕ್ಕೆ ದಾಟಿ, ನಡುವಿನ ಕೊಳವೆಗೆ ಬಂದು, ಥ್ರೆಡ್ ಇರುವ ದೊಡ್ಡ ತೂತಿನಿಂದ ಎಂಜಿನ್‌ಗೆ ಹೋಗುತ್ತದೆ. ಆ ಸಣ್ಣ ತೂತುಗಳ ಹಿಂದೆ ಒಂದು ರಬ್ಬರ್ ತಟ್ಟೆ ಇರುತ್ತದೆ. ಗಾಡಿ ನಿಲ್ಲಿಸಿದಾಗ ಫಿಲ್ಟರ್‌ನಲ್ಲಿರುವ ಆಯಿಲ್ ವಾಪಸ್ ಇಳಿದು ಹೋಗದಂತೆ ತಡೆಯೋದು ಇದರ ಕೆಲಸ.

ನನ್ನ ಪ್ರಕಾರ ಕಮ್ಮಿ ಬೆಲೆಯ ಫಿಲ್ಟರ್ ಸೋಲೋದು ಮೊದಲು ಇಲ್ಲೇ. ಫಿಲ್ಟರ್ ಅಡ್ಡಡ್ಡ ಅಥವಾ ತಲೆಕೆಳಗಾಗಿ ಕೂತಿರುವ ಎಂಜಿನ್‌ಗಳಲ್ಲಿ ಈ ರಬ್ಬರ್ ಸರಿ ಇಲ್ಲದಿದ್ದರೆ ರಾತ್ರಿಯೆಲ್ಲ ಆಯಿಲ್ ಇಳಿದು, ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಖಾಲಿ ಫಿಲ್ಟರ್ ಮತ್ತೆ ತುಂಬೋ ತನಕ ಮೇಲಿನ ಭಾಗಗಳಿಗೆ ಆಯಿಲ್ ಹೋಗೋದೇ ಇಲ್ಲ. ಕೆಂಪು ಆಯಿಲ್ ಲೈಟ್ ಎರಡು ಮೂರು ಸೆಕೆಂಡ್ ಜಾಸ್ತಿ ಉರಿಯುತ್ತದೆ, ಟಕಟಕ ಸದ್ದು ಬರುತ್ತದೆ, ಆಮೇಲೆ ನಿಲ್ಲುತ್ತದೆ. ದಿನಾ ಹೀಗಾದರೆ ಎಂಜಿನ್ ಸವೆಯದೆ ಇರುತ್ತಾ?

ಇದನ್ನು ಪರೀಕ್ಷೆ ಮಾಡೋಕೆ ಕತ್ತರಿಸೋದೂ ಬೇಡ. ಸಣ್ಣ ತೂತಿನಲ್ಲಿ ಟೂತ್‌ಪಿಕ್ ಹಾಕಿ ಮೆಲ್ಲಗೆ ಒತ್ತಿ ನೋಡಿ. ರಬ್ಬರ್ ಬಾಗಬೇಕು, ಬಿಟ್ಟ ತಕ್ಷಣ ವಾಪಸ್ ಬಂದು ಕೂರಬೇಕು. ಆಮೇಲೆ ನಡುವಿನ ತೂತಿಗೆ ಬಾಯಿಟ್ಟು ಊದಿ, ಸುತ್ತಲಿನ ತೂತುಗಳಿಂದ ಗಾಳಿ ಬರಬಾರದು. ನಾನು ತಂದ ಜೆನ್ಯೂಯಿನ್‌ನಲ್ಲೂ ಹೆಸರಾಂತ ಕಂಪನಿಯದರಲ್ಲೂ ಗಾಳಿ ಅಲ್ಲೇ ನಿಂತಿತು. ಲೋಕಲ್‌ನಲ್ಲಿ ಸುಲಭವಾಗಿ ಹೊರಗೆ ಬಂತು. ಬಿಚ್ಚಿದಾಗ ಕಾರಣ ಕಂಡಿತು. ರಬ್ಬರ್ ತಟ್ಟೆಯ ಅಂಚು ಅಲೆ ಅಲೆಯಾಗಿತ್ತು, ಒಂದು ಕಡೆ ತಗಡಿಗೆ ತಾಗುತ್ತಲೇ ಇರಲಿಲ್ಲ. ಹೊಸ ಮಾಲು ಇದು, ಇನ್ನೂ ಬಿಸಿ ಆಯಿಲ್ ಕಂಡಿಲ್ಲ!

ರಬ್ಬರ್ ಕಪ್ಪಗಿದ್ದರೆ ಸಾಮಾನ್ಯವಾಗಿ ನೈಟ್ರೈಲ್, ಕೇಸರಿ ಅಥವಾ ಕೆಂಪಗಿದ್ದರೆ ಬಹುತೇಕ ಸಿಲಿಕೋನ್. ಸಿಲಿಕೋನ್ ಶಾಖಕ್ಕೆ ಜಾಸ್ತಿ ಬಾಳುತ್ತದೆ, ಚಳಿಯಲ್ಲೂ ಮೆತ್ತಗಿರುತ್ತದೆ. ಹಾಗಂತ ಕಪ್ಪು ರಬ್ಬರ್ ಕಂಡ ತಕ್ಷಣ ಬೇಡ ಅನ್ನಬೇಡಿ. ಹತ್ತು ಸಾವಿರ ಕಿಲೋಮೀಟರ್ ಅಥವಾ ವರ್ಷಕ್ಕೊಮ್ಮೆ ಬದಲಾಯಿಸುವ ಪೆಟ್ರೋಲ್ ಗಾಡಿಗೆ ಒಳ್ಳೆ ನೈಟ್ರೈಲ್ ಸಾಕು.

ಇನ್ನು ಪೇಪರ್. ಇಲ್ಲಿ ಮಡಿಕೆ ಎಣಿಸಿ ತೀರ್ಪು ಕೊಡುವವರು ಜಾಸ್ತಿ. ಹೆಸರಾಂತ ಕಂಪನಿಯದರಲ್ಲಿ ಮಡಿಕೆ ಒತ್ತೊತ್ತಾಗಿತ್ತು, ಜೆನ್ಯೂಯಿನ್‌ನಲ್ಲಿ ಸ್ವಲ್ಪ ವಿರಳ. ನನಗೆ ಎರಡೂ ಸರಿ ಅನ್ನಿಸಿತು. ಮಡಿಕೆಗಳು ತೀರಾ ಒತ್ತಾಗಿ ಒಂದಕ್ಕೊಂದು ಅಂಟಿಕೊಂಡರೆ ಅಷ್ಟು ಪೇಪರ್ ಇದ್ದೂ ಕೆಲಸಕ್ಕೆ ಬರಲ್ಲ. ಮುಖ್ಯ ಏನಂದ್ರೆ ಅಂತರ ಒಂದೇ ಸಮ ಇದೆಯಾ, ಪೇಪರಿನ ಎರಡು ತುದಿ ಸೇರುವ ಕಡೆ ಅಂಟು ಪೂರ್ತಿ ಹಿಡಿದಿದೆಯಾ ಅನ್ನೋದು. ಲೋಕಲ್‌ನಲ್ಲಿ ಆ ಜೋಡಣೆಯ ಹತ್ತಿರ ಅಂಟು ಅರ್ಧಕ್ಕೇ ನಿಂತಿತ್ತು. ಸಂದಿಯಲ್ಲಿ ನನ್ನ ಉಗುರು ಆರಾಮಾಗಿ ತೂರಿತು. ಆಯಿಲ್ ಯಾವಾಗಲೂ ಸುಲಭದ ದಾರಿ ಹುಡುಕುತ್ತದೆ, ಇಷ್ಟು ದೊಡ್ಡ ಸಂದಿ ಇದ್ದ ಮೇಲೆ ಪೇಪರ್ ಎಷ್ಟು ಒಳ್ಳೆಯದಿದ್ದರೂ ಏನು ಬಂತು? ಕೂದಲೆಳೆಯ ದಪ್ಪ ಸುಮಾರು 70 ಮೈಕ್ರಾನ್ (ಒಂದು ಮೈಕ್ರಾನ್ ಅಂದ್ರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು). ಬೇರಿಂಗ್ ಸವೆಸುವ ಕಣಗಳು ಅದಕ್ಕಿಂತ ಎಷ್ಟೋ ಸಣ್ಣವು.

ಪೇಪರಿನ ಮೇಲೆ ಕೆಳಗೆ ತಗಡಿನ ಮುಚ್ಚಳ ಇಲ್ಲದೆ ರಟ್ಟೋ ಫೆಲ್ಟೋ ಇದ್ದರೆ ಕಳಪೆ ಅನ್ನುವ ಮಾತೂ ಇದೆ. ನಾನು ಒಪ್ಪಲ್ಲ. ಅಂಟು ಗಟ್ಟಿಯಾಗಿ, ಸುತ್ತಲೂ ಸಮವಾಗಿ ಹಿಡಿದಿದ್ದರೆ ಅದೂ ಕೆಲಸ ಮಾಡುತ್ತದೆ. ಹಾಗೇ ತೂಕ. ಕೈಯಲ್ಲಿ ಭಾರ ಇದೆ ಅಂತ ಒಳ್ಳೆಯದು ಅಂದುಕೊಳ್ಳೋದು ತಪ್ಪು. ದಪ್ಪ ತಗಡು ಹಾಕಿ ಒಳಗೆ ಪೇಪರ್ ಕಮ್ಮಿ ಇಟ್ಟರೂ ಭಾರವೇ ಬರುತ್ತದೆ.

ಬೈಪಾಸ್ ವಾಲ್ವ್ ಬಗ್ಗೆ ಯಾರೂ ಕೇಳಲ್ಲ, ಕೇಳಬೇಕು. ಆಯಿಲ್ ತಣ್ಣಗಾಗಿ ದಪ್ಪ ಇದ್ದಾಗ ಅಥವಾ ಪೇಪರ್ ಕಟ್ಟಿಕೊಂಡಾಗ ಎಂಜಿನ್ ಒಣಗಬಾರದು ಅಂತ ಇರುವ ದಾರಿ ಅದು. ಸೋಸದ ಆಯಿಲ್ ಆದರೂ ಪರವಾಗಿಲ್ಲ, ಹೋಗಲಿ ಅಂತ. ಸ್ಪ್ರಿಂಗ್ ತೀರಾ ಮೆತ್ತಗಿದ್ದರೆ ಈ ದಾರಿ ಬೇಡದಾಗಲೂ ತೆರೆದುಕೊಳ್ಳುತ್ತದೆ. ಎಷ್ಟು ಒತ್ತಡಕ್ಕೆ ತೆರೆಯಬೇಕು ಅನ್ನೋದು ಎಂಜಿನ್‌ನಿಂದ ಎಂಜಿನ್‌ಗೆ ಬೇರೆ, ಕೆಲವು ಎಂಜಿನ್‌ಗಳಲ್ಲಿ ಈ ವಾಲ್ವ್ ಫಿಲ್ಟರ್ ಬದಲು ಎಂಜಿನ್ ಬ್ಲಾಕ್‌ನಲ್ಲೇ ಇರುತ್ತದೆ. ಆದ್ದರಿಂದ ಥ್ರೆಡ್ ಕೂತಿತು ಅಂತ ಯಾವುದೋ ಗಾಡಿಯ ಫಿಲ್ಟರ್ ಹಾಕೋದು ಬೇಡ. ಥ್ರೆಡ್ಡನ್ನೂ ನಂಬೋ ಹಾಗಿಲ್ಲ. 20 ಮಿಲಿಮೀಟರ್, 1.5 ಪಿಚ್‌ನ (ಥ್ರೆಡ್ ಸುತ್ತುಗಳ ನಡುವಿನ ಅಂತರ) ಫಿಲ್ಟರ್ ಎಂಜಿನ್ ಕಡೆಯ ಮುಕ್ಕಾಲು ಇಂಚಿನ ಸ್ಟಡ್‌ಗೆ ಸಡಿಲವಾಗಿ ಹತ್ತಿಬಿಡುತ್ತದೆ, ಒತ್ತಡ ಬಂದಾಗ ಕಿತ್ತುಕೊಂಡು ಬರುವ ಭಯ ಇದ್ದೇ ಇದೆ.

ಡಬ್ಬಿ ಮೇಲೆ "20 ಮೈಕ್ರಾನ್" ಅಂತ ಮಾತ್ರ ಬರೆದಿದ್ದರೆ ಅದಕ್ಕೆ ಬೆಲೆ ಕೊಡಬೇಡಿ. ಆ ಅಳತೆಯ ಕಣಗಳಲ್ಲಿ ಅರ್ಧ ಹಿಡಿಯುತ್ತದಾ, ನೂರಕ್ಕೆ 99 ಹಿಡಿಯುತ್ತದಾ? ಅದನ್ನು ಹೇಳದೆ ಸುಮ್ನೆ ಮೈಕ್ರಾನ್ ಹೇಳಿದರೆ ಪ್ರಯೋಜನ ಇಲ್ಲ. ಐಎಸ್‌ಒ 4548-12 ಅಂತ ಇದಕ್ಕೇ ಒಂದು ಪರೀಕ್ಷಾ ಮಾನದಂಡ ಇದೆ, ಅದರ ಪ್ರಕಾರ ಶೇಕಡಾವಾರು ಲೆಕ್ಕ ಕೊಡುವ ಕಂಪನಿ ಇದ್ದರೆ ಕಣ್ಣುಮುಚ್ಚಿ ಅದನ್ನೇ ತಗೊಳ್ಳಿ. ಆಯಿಲ್ ಬೇಗ ಕಪ್ಪಾಯಿತು, ಫಿಲ್ಟರ್ ಸರಿ ಇಲ್ಲ ಅನ್ನುವವರಿಗೂ ಒಂದು ಮಾತು. ಡೀಸೆಲ್ ಗಾಡಿಯ ಮಸಿ ಒಂದು ಮೈಕ್ರಾನ್‌ಗಿಂತ ಸಣ್ಣದು, ಅದು ಯಾವ ಒಳ್ಳೆ ಫಿಲ್ಟರನ್ನೂ ದಾಟಿ ಹೋಗುತ್ತದೆ.

ಡೂಪ್ಲಿಕೇಟ್ ಗುರುತಿಸೋಕೆ ಡಬ್ಬಿಯೇ ಸಾಕ್ಷಿ. ತಯಾರಕರ ಹೆಸರು, ವಿಳಾಸ, ಎಂಆರ್‌ಪಿ, ತಿಂಗಳು ಮತ್ತು ವರ್ಷ ನಮ್ಮ ದೇಶದಲ್ಲಿ ಪ್ಯಾಕ್ ಮಾಡಿದ ಮಾಲಿನ ಮೇಲೆ ಇರಲೇಬೇಕು. ನನ್ನ ಲೋಕಲ್ ಡಬ್ಬಿಯಲ್ಲಿ ವಿಳಾಸವೇ ಇರಲಿಲ್ಲ. ಡಬ್ಬಿ ಮೇಲಿನ ನಂಬರ್ ಒಂದು, ಫಿಲ್ಟರ್ ಮೈಮೇಲೆ ನಂಬರೇ ಇಲ್ಲ. ಜಿಎಸ್‌ಟಿ ಬಿಲ್ ಕೇಳಿ, ಕೊಡೋಕೆ ಹಿಂದೆಮುಂದೆ ನೋಡಿದರೆ ಅಲ್ಲಿಂದ ಹೊರಡಿ.

ಮೂರರಲ್ಲಿ ನಾನು ಹಾಕಿಸಿಕೊಂಡಿದ್ದು ಮತ್ತೊಂದು ಜೆನ್ಯೂಯಿನ್. ಅದು ಸಿಗದಿದ್ದರೆ ಹೆಸರಾಂತ ಕಂಪನಿಯದ್ದನ್ನು ಚಿಂತೆಯಿಲ್ಲದೆ ಹಾಕಿಸುತ್ತೇನೆ. ಕಟ್ಟುವ ಕೆಲಸದಲ್ಲಿ ಅವೆರಡಕ್ಕೂ ದೊಡ್ಡ ವ್ಯತ್ಯಾಸ ಕಾಣಲಿಲ್ಲ. ಲೋಕಲ್‌ಗೆ ಹತ್ತಕ್ಕೆ ಎರಡೂ ಕೊಡಲ್ಲ. ಸುಮಾರು ಮೂರು ಲೀಟರ್ ಒಳ್ಳೆ ಆಯಿಲ್‌ಗೆ ಸಾವಿರಕ್ಕೂ ಮೇಲೆ ಕೊಟ್ಟು, ಅದನ್ನು ಕಾಯುವ ಫಿಲ್ಟರ್‌ನಲ್ಲಿ ಒಂದು ಮಸಾಲೆ ದೋಸೆ ದುಡ್ಡು ಉಳಿಸೋದು ನನಗೆ ಸರಿ ಕಾಣಲ್ಲ.

ಹಾಕಿಸುವಾಗ ಪಕ್ಕದಲ್ಲೇ ನಿಂತಿರಿ. ಹಳೇ ಫಿಲ್ಟರ್‌ನ ರಬ್ಬರ್ ರಿಂಗ್ ಎಂಜಿನ್‌ಗೇ ಅಂಟಿಕೊಂಡು ಉಳಿದಿದೆಯಾ ನೋಡಿ. ಅದರ ಮೇಲೇ ಹೊಸದು ಕೂತರೆ ಆಯಿಲ್ ಚೆಲ್ಲಿ ಹೋಗುತ್ತದೆ. ಹೊಸ ರಿಂಗ್‌ಗೆ ಬೆರಳಲ್ಲಿ ಸ್ವಲ್ಪ ಆಯಿಲ್ ಸವರಿಸಿ. ರಿಂಗ್ ತಾಗಿದ ಮೇಲೆ ಮುಕ್ಕಾಲು ಸುತ್ತು ಸಾಕು, ರೆಂಚ್ ಹಾಕಿ ಜಗ್ಗೋದು ಬೇಡ. ಹಳೇ ಸ್ವಿಫ್ಟ್ ಡೀಸೆಲ್ 1.3 ಇಟ್ಟುಕೊಂಡವರಿಗೆ ತಗಡಿನ ಡಬ್ಬಿಯೇ ಇಲ್ಲ, ಬರೀ ಪೇಪರ್ ಎಲಿಮೆಂಟ್ ಬರುತ್ತದೆ. ನಿಮಗಿನ್ನೂ ಒಳ್ಳೆಯದು, ಅಂಗಡಿಯಲ್ಲೇ ಅಂಟು, ಮಡಿಕೆ ಎಲ್ಲಾ ಕಣ್ಣಾರೆ ನೋಡಿ ತಗೊಳ್ಳಬಹುದು. ಎಲಿಮೆಂಟ್ ಮೇಲೆ ಮುಚ್ಚುವ ಕ್ಯಾಪ್‌ನ ಓ-ರಿಂಗ್ (ಸೋರದಂತೆ ತಡೆಯುವ ರಬ್ಬರ್ ಬಳೆ) ಮಾತ್ರ ಪ್ಯಾಕ್ ಒಳಗೆ ಇದೆಯಾ ಅಂತ ಅಲ್ಲೇ ತೆಗೆದು ನೋಡಿಕೊಳ್ಳಿ.