ಹೋಕಾ ಸ್ಪೀಡ್‌ಗೋಟ್ 5: ಮುರಕಲ್ಲಿಗೆ ಸೈ, ಕಾಲುಸಂಕಕ್ಕೆ ನಮಸ್ಕಾರ

ಮಳೆಗಾಲದ ಟ್ರೇಲ್ ಓಟಕ್ಕೆ, ಅಂದರೆ ಕಾಡು-ಗುಡ್ಡದ ಕಾಲುದಾರಿಯ ಓಟಕ್ಕೆ, ಹೆಸರು ಕೊಟ್ಟವರು ಅಂಗಡಿಯಲ್ಲಿ ಶೂ ತಿರುಗಿಸಿ ಮೊದಲು ನೋಡುವುದು ಅಡಿಯ ಹಲ್ಲು ಎಷ್ಟು ಉದ್ದ ಇದೆ ಎಂದು. ಉಡುಪಿ ಜಿಲ್ಲೆಯ ಕಾರ್ಕಳ, ಹೆಬ್ರಿ, ಸೋಮೇಶ್ವರ ಕಡೆಯ ನೆಲಕ್ಕೆ ಹಲ್ಲಿಗಿಂತ ರಬ್ಬರು ಮುಖ್ಯ. ಹೋಕಾ ಕಂಪನಿಯ ಟ್ರೇಲ್ ಶೂ ಸ್ಪೀಡ್‌ಗೋಟ್ 5 ಇಲ್ಲಿ ಗೆಲ್ಲುವುದು ಅದರಿಂದಲೇ.

ಇದು 2022ರ ಮಾದರಿ. ಗಂಡಸರ ಶೂ ಒಂದರ ತೂಕ ಸುಮಾರು 290 ಗ್ರಾಂ, ಹಲ್ಲು 5 ಮಿ.ಮೀ., ಹಿಮ್ಮಡಿ ಮತ್ತು ಮುಂಗಾಲಿನ ಎತ್ತರದ ವ್ಯತ್ಯಾಸ 4 ಮಿ.ಮೀ. ಹೆಸರು ಬಂದಿದ್ದು ಅಮೆರಿಕದ ಅಲ್ಟ್ರಾ (ಮ್ಯಾರಥಾನ್‌ಗಿಂತ ಉದ್ದದ) ಓಟಗಾರ ಕಾರ್ಲ್ ಮೆಲ್ಟ್ಜರ್ ಅವರ ಅಡ್ಡಹೆಸರಿನಿಂದ. ಅಡಿಗೆ ಇರುವುದು ಇಟಲಿಯ ವೈಬ್ರಾಮ್ ಕಂಪನಿಯ ಮೆಗಾಗ್ರಿಪ್ ರಬ್ಬರು. 2024ರಲ್ಲಿ 6ನೇ ಆವೃತ್ತಿ ಬಂದಿರುವುದರಿಂದ 5 ಈಗ ಸಿಕ್ಕರೆ ಹೆಚ್ಚಾಗಿ ಹಳೆ ಸ್ಟಾಕು. ರಿಯಾಯಿತಿ ನೋಡಿ ಮರುಳಾಗುವ ಮೊದಲು ಪಕ್ಕದ ಫೋಮ್ ಅನ್ನು ಹೆಬ್ಬೆರಳಿನಲ್ಲಿ ಒತ್ತಿ ನೋಡಿ. ಒತ್ತಿದ ಜಾಗ ತಟ್ಟನೆ ಮೇಲೆ ಬರದಿದ್ದರೆ, ಫೋಮ್ ಮತ್ತು ರಬ್ಬರು ಸೇರುವ ಅಂಚಿನಲ್ಲಿ ಅಂಟು ಬಿಟ್ಟಿದ್ದರೆ, ಅರ್ಧ ಬೆಲೆಗೂ ಬೇಡ.

ನಮ್ಮ ಟ್ರೇಲ್ ಎಂದರೆ ಮೊದಲಿಗೆ ಮುರಕಲ್ಲು. ಕಡಿಯುವಾಗ ಮೆತ್ತಗಿದ್ದು ಗಾಳಿ-ಬಿಸಿಲಿಗೆ ಗಟ್ಟಿಯಾಗುವ ಕಲ್ಲು ಇದು; ಮೈಯೆಲ್ಲ ತೂತು, ತೂತಿನ ಅಂಚೆಲ್ಲ ಹರಿತ. ಒಣಗಿದ್ದರೂ ಒದ್ದೆಯಾಗಿದ್ದರೂ ಬರಿಯ ಮುರಕಲ್ಲಿನ ಮೇಲೆ ಈ ಶೂ ಕಚ್ಚಿ ಹಿಡಿಯುತ್ತದೆ. ಕೈಕೊಡುವುದು ಪಾದೆಯ ಮೇಲೆ ಹರಡಿದ ಸಣ್ಣ ಚರಳು. ಕಡಲೆಕಾಳಿನಷ್ಟು ದಪ್ಪದ ಆ ಚರಳು ಗಟ್ಟಿ ನೆಲದ ಮೇಲೆ ಉರುಳುತ್ತದೆ, ಹಲ್ಲಿಗೆ ಕಚ್ಚಲು ಕೆಳಗೆ ಮಣ್ಣೇ ಇರುವುದಿಲ್ಲ. ಇಳಿಜಾರಿನಲ್ಲಿ ದಾಪುಗಾಲು ಹಾಕದೆ ಹೆಜ್ಜೆ ಚಿಕ್ಕದು ಮಾಡಿ, ಮೈಯನ್ನು ಹಿಂದಕ್ಕೆ ಒರಗಿಸದೆ, ಇಡೀ ಪಾದ ಒಟ್ಟಿಗೆ ಊರಬೇಕು. ಹಿಮ್ಮಡಿ ಊರಿದವರು ಅಂಗಾತ ಬೀಳುತ್ತಾರೆ. ಈ ಹಿಡಿತಕ್ಕೆ ಬೆಲೆಯೂ ಇದೆ: ರಬ್ಬರು ಮೆತ್ತಗಿರುವುದರಿಂದ ಮುರಕಲ್ಲು ಅದನ್ನು ಅರದ ಹಾಗೆ ಉಜ್ಜುತ್ತದೆ. ಮನೆಯಿಂದ ಕಾಡಿನ ದಾರಿಯವರೆಗೆ ಟಾರು ರಸ್ತೆಯಲ್ಲೂ ಇದನ್ನೇ ಹಾಕಿ ಓಡಿದರೆ ಹಲ್ಲು ಇನ್ನೂ ಬೇಗ ಸವೆಯುತ್ತದೆ.

ಇನ್ನು ಅಡಿಕೆ ತೋಟ. ಮಳೆಗಾಲದಲ್ಲಿ ಅಲ್ಲಿ ಮೂರು ಸಂಗತಿಗಳ ಮುಂದೆ ಯಾವ ರಬ್ಬರಿನ ಜಂಬವೂ ನಡೆಯುವುದಿಲ್ಲ. ಒಂದು, ಕಲ್ಲಿಗೆ ಹಿಡಿದ ಹಾವಸೆ. ಶೂ ಹಿಡಿಯುವುದು ಹಾವಸೆಯನ್ನು, ಹಾವಸೆ ಕಲ್ಲನ್ನು ಬಿಡುತ್ತದೆ. ಕಪ್ಪು-ಹಸಿರಾಗಿ ಮಿರುಗುವ ಮೆಟ್ಟಿಲು ಕಂಡರೆ ಪಕ್ಕದ ಹುಲ್ಲಿನ ಮೇಲೆ ಕಾಲಿಡಿ. ಎರಡು, ಬಿದ್ದ ಹಾಳೆ. ಒಳಮೈ ಮೇಲಾಗಿ ಬಿದ್ದ ಅಡಿಕೆ ಹಾಳೆಗೆ ನೀರು ತಾಗಿದರೆ ಮಕ್ಕಳು ಕೂತು ಎಳೆಸಿಕೊಳ್ಳುವ ಹಾಳೆ ಬಂಡಿಯೇ ಸರಿ. ದಾಟಿ ಹೋಗಿ, ಮೆಟ್ಟಬೇಡಿ. ಮೂರು, ಕಾಲುಸಂಕ. ತೋಡಿನ ಮೇಲೆ ಎರಡು ಅಡಿಕೆ ಮರ ಜೋಡಿಸಿ ಹಾಕಿದ ಸಂಕದ ಮೇಲೆ ಉರುಟು ಮೈಗೆ ತಾಗುವುದು ನಾಲ್ಕಾರು ಹಲ್ಲಿನ ತುದಿ ಮಾತ್ರ. ಹಲ್ಲು ಉದ್ದವಾದಷ್ಟೂ ಇಲ್ಲಿ ಅಪಾಯ ಹೆಚ್ಚು. ಓಡಬೇಡಿ. ಎರಡು ಮರಗಳ ನಡುವಿನ ಸಂದಿಗೆ ಪಾದ ಬರುವಂತೆ ಇಟ್ಟು, ಹಿಡಿಗಂಬವಿದ್ದರೆ ಹಿಡಿದು, ಒಬ್ಬೊಬ್ಬರೇ ದಾಟಿ. ಹತ್ತು ಸೆಕೆಂಡು ಹೋದರೆ ಪದಕವೇನೂ ತಪ್ಪುವುದಿಲ್ಲ.

ತೋಡು ದಾಟುವಾಗ ಮಾತ್ರ ಈ ಶೂ ನಿಜಕ್ಕೂ ಖುಷಿ ಕೊಡುತ್ತದೆ. ಮೇಲಿನದು ಬಲೆಯಂಥ ಬಟ್ಟೆ, ಒಳಹೊಕ್ಕ ನೀರು ಕೆಲವು ಹೆಜ್ಜೆಗಳಲ್ಲೇ ಹೊರಗೆ ಹೋಗುತ್ತದೆ. ಇದೇ ಮಾದರಿ ನೀರು ತಡೆಯುವ ಗೋರ್-ಟೆಕ್ಸ್ ಪದರದಲ್ಲೂ ಇದೆ. ‘ನೀರು ನಿರೋಧಕ’ ಎಂಬ ಮಾತಿಗೆ ಮರುಳಾಗಿ ಕರಾವಳಿಯವರು ಅದನ್ನು ಕೊಳ್ಳಬಾರದು. ಮೊಣಕಾಲುದ್ದದ ನೀರಿನಲ್ಲಿ ನೀರು ನುಗ್ಗುವುದು ಕಾಲು ತೂರಿಸುವ ಬಾಯಿಯಿಂದ. ನುಗ್ಗಿದ್ದು ಹೊರಗೆ ಹೋಗಲು ಅದೇ ಗೋರ್-ಟೆಕ್ಸ್ ಅಡ್ಡ. ಆಮೇಲೆ ಕೊಡಪಾನ ಕಟ್ಟಿಕೊಂಡು ಓಡಿದ ಹಾಗೆ. ಹತ್ತಿಯ ಸಾಕ್ಸ್ ಕೂಡ ಬೇಡ, ಒದ್ದೆಯಾಗಿ ಮಡಚಿಕೊಂಡು ಬೊಕ್ಕೆ ಎಬ್ಬಿಸುತ್ತದೆ. ತೆಳ್ಳಗಿನ ಸಿಂಥೆಟಿಕ್ ಸಾಕ್ಸ್ ಹಾಕಿ, ಬೆರಳ ಸಂದಿಗೂ ಹಿಮ್ಮಡಿಗೂ ವ್ಯಾಸಲಿನ್ ಬಳಿಯಿರಿ.

ಗದ್ದೆ ಹುಣಿಯ ಜೇಡಿಮಣ್ಣಿನಲ್ಲಿ ಸಾಧಾರಣ. ಹಲ್ಲುಗಳ ನಡುವಿನ ಜಾಗ ಸಾಲದೆ ಮಣ್ಣು ಕಚ್ಚಿಕೊಂಡು ಅಡಿ ನುಣ್ಣಗಾಗುತ್ತದೆ. ದಾರಿಯ ಬಹುಪಾಲು ಕೆಸರೇ ಆಗಿದ್ದರೆ ಹಲ್ಲು ದೂರ ದೂರ ಇರುವ ಬೇರೆ ಶೂ ನೋಡಿ.

ದಪ್ಪ ಫೋಮ್ ಈ ಕಂಪನಿಯ ಗುರುತು. ಚೂಪು ಕಲ್ಲು ಪಾದಕ್ಕೆ ಚುಚ್ಚದು, ಉದ್ದನೆ ಇಳಿಜಾರಿನಲ್ಲಿ ತೊಡೆಗೂ ಆರಾಮ. ಆದರೆ ಕಾಲು ನೆಲದಿಂದ ಎತ್ತರದಲ್ಲಿ ಕೂರುವುದರಿಂದ ಮುರಕಲ್ಲಿನ ಗುಂಡಿಗೆ ಅರ್ಧ ಪಾದ ಬಿದ್ದರೆ ಹರಡು ಉಳುಕುವ ಸಂಭವವೂ ಹೆಚ್ಚು. ಒಂದು ಕಾಲಿನ ಮೇಲೆ ಒಂದು ನಿಮಿಷ ಅಲುಗದೆ ನಿಲ್ಲಲು ಆಗದವರು ಮೊದಲು ಅದನ್ನು ಕಲಿಯಲಿ. ಸಾಮಾನ್ಯ ರಸ್ತೆ ಶೂಗಳಲ್ಲಿ ಹಿಮ್ಮಡಿ ಮುಂಗಾಲಿಗಿಂತ 8ರಿಂದ 10 ಮಿ.ಮೀ. ಎತ್ತರ ಇರುತ್ತದೆ, ಅಲ್ಲಿಂದ ಒಮ್ಮೆಗೇ 4ಕ್ಕೆ ಇಳಿದರೆ ಮೀನಖಂಡ, ಹಿಮ್ಮಡಿಯ ಸ್ನಾಯುರಜ್ಜು ಹಿಡಿದುಕೊಳ್ಳುತ್ತವೆ. ವಾರಕ್ಕೆ ಒಂದೆರಡು ಚಿಕ್ಕ ಓಟದಿಂದ ಶುರು ಮಾಡಿ, ಮೂರು-ನಾಲ್ಕು ವಾರ ಕೊಡಿ. ಹೊಸ ಶೂ ಹಾಕಿ ನೇರ 21 ಕಿ.ಮೀ. ಓಟಕ್ಕೆ ನಿಲ್ಲುವುದು ಶುದ್ಧ ಹುಂಬತನ.

ಅಳತೆಗೆ ಸಂಜೆ ಹೋಗಿ, ಪಾದ ಆಗ ಕೊಂಚ ಊದಿರುತ್ತದೆ. ಓಡುವ ಸಾಕ್ಸ್ ಜೊತೆಗಿರಲಿ. ಅತಿ ಉದ್ದದ ಬೆರಳಿನ ಮುಂದೆ ಒಂದು ಹೆಬ್ಬೆರಳಿನ ಅಗಲ ಜಾಗ ಬೇಕು. ನಮ್ಮಲ್ಲಿ ಚಪ್ಪಲಿ ಹಾಕಿ ಬೆಳೆದ ಪಾದಗಳ ಮುಂಭಾಗ ಹೆಚ್ಚಾಗಿ ಅಗಲ. ಕಿರುಬೆರಳು ಒತ್ತಿದರೆ ಸೈಜು ದೊಡ್ಡದು ಮಾಡುವ ಬದಲು ಅಗಲದ ಆವೃತ್ತಿ ಕೇಳಿ. ಉದ್ದ ಹೆಚ್ಚಾದರೆ ಪಾದ ಒಳಗೇ ಜಾರಿ ಇಳಿಜಾರಿನಲ್ಲಿ ಉಗುರು ಕಪ್ಪಾಗುತ್ತದೆ. ಲೇಸನ್ನು ಕೊನೆಯ ತೂತಿಗೆ ಹೊರಗಿನಿಂದ ಒಳಕ್ಕೆ ಹಾಕಿ ಅದೇ ಬದಿಯಲ್ಲಿ ಚಿಕ್ಕ ಕುಣಿಕೆ ಉಳಿಸಿ, ಎದುರು ಬದಿಯ ಲೇಸನ್ನು ಆ ಕುಣಿಕೆಯಲ್ಲಿ ತೂರಿಸಿ ಕೆಳಮುಖವಾಗಿ ಎಳೆದು ಕಟ್ಟಿ. ಹಿಮ್ಮಡಿ ಅಲುಗುವುದಿಲ್ಲ.

ಉಂಬಳವನ್ನು ಯಾವ ಶೂವೂ ತಡೆಯುವುದಿಲ್ಲ, ಉಪ್ಪಿನ ಪೊಟ್ಟಣ ಕಿಸೆಯಲ್ಲಿರಲಿ.

ಹತ್ತು ಸಾವಿರ ಮೀರಿದ ಬೆಲೆಯ ಶೂ ಹಾಳಾಗುವುದು ಹೆಚ್ಚಾಗಿ ಮನೆಯಲ್ಲೇ. ಬಂದ ಕೂಡಲೇ ತಣ್ಣೀರಿನಲ್ಲಿ ಕೆಸರು ತೊಳೆದು, ಒಳಗಿನ ಮೆತ್ತೆ ತೆಗೆದು, ಹಳೆ ಪೇಪರ್ ಉಂಡೆ ಮಾಡಿ ತುಂಬಿ. ಎರಡು ಗಂಟೆಗೊಮ್ಮೆ ಪೇಪರ್ ಬದಲಿಸಿ ಫ್ಯಾನಿನ ಕೆಳಗಿಡಿ. ಆಷಾಢದಲ್ಲಿ ಬಿಸಿಲು ಎಲ್ಲಿಂದ ಬರಬೇಕು ಎಂದು ಬಚ್ಚಲ ಒಲೆಯ ಪಕ್ಕ ಇಟ್ಟರೆ ಫೋಮ್ ಕುಗ್ಗಿ, ಅಂಟು ಬಿಟ್ಟು, ಅಡಿ ಬಾಯಿ ತೆರೆಯುತ್ತದೆ. ಮಲ್ಪೆ, ಪಣಂಬೂರು ಕಡೆ ಮರಳಲ್ಲಿ ಓಡಿದ್ದರೆ ಉಪ್ಪುನೀರು ಪೂರ್ತಿ ಹೋಗುವಷ್ಟು ತೊಳೆಯಿರಿ.

ಮಣಿಪಾಲದ ಮಣ್ಣಪಳ್ಳ ಕೆರೆಯ ಸುತ್ತ ಓಡುವವರಿಗೆ ಇದು ಬೇಕಿಲ್ಲ, ಇರುವ ರಸ್ತೆ ಶೂ ಸಾಕು. ಘಟ್ಟದ ಬುಡದ ದಾರಿಗೆ, ಮುರಕಲ್ಲು-ತೋಡು ಬೆರೆತ ಓಟಕ್ಕೆ ಕೊಳ್ಳಬಹುದು. ಟ್ರೇಲ್ ಶೂ ಸಾಮಾನ್ಯವಾಗಿ 500ರಿಂದ 800 ಕಿ.ಮೀ. ಬಾಳುತ್ತದೆ ಎನ್ನುತ್ತಾರೆ, ಮುರಕಲ್ಲಿನ ಮೇಲೆ ಕಡಿಮೆ ಅಂಕಿಯನ್ನೇ ಲೆಕ್ಕಕ್ಕೆ ಹಿಡಿಯಿರಿ. ಹಿಮ್ಮಡಿಯ ಹೊರ ಅಂಚಿನ ಹಲ್ಲು ಅರ್ಧಕ್ಕಿಳಿದ ಮೇಲೆ ಓಟಕ್ಕೆ ಬೇಡ, ತೋಟಕ್ಕೆ ಹೋಗಿಬರಲು ಇನ್ನೆರಡು ಮಳೆಗಾಲ ಧಾರಾಳ.