ಪೇಸ್ಟಲ್, ಪೋಸ್ಟರ್ ಕಲರ್, ಕೇಕ್: ಮಕ್ಕಳ ಜೊತೆ ಚಿತ್ರ ಬಿಡಿಸೋಕೆ ಯಾವುದು?

ಆಯಿಲ್ ಪೇಸ್ಟಲ್‌ನ ದೊಡ್ಡ ಡಬ್ಬಿ ತರಬೇಡಿ. ಅದರಲ್ಲೂ ಬಾಗಲಕೋಟೆಯಲ್ಲಿ, ಅದರಲ್ಲೂ ಏಪ್ರಿಲ್ ತಿಂಗಳಲ್ಲಿ. ರಜೆಗೆ ಬರುವ ಅಣ್ಣನ ಮಕ್ಕಳ ಜೊತೆ ಕೂತು ಚಿತ್ರ ಬಿಡಿಸೋದು ನನಗೂ ಒಂದು ಹುಚ್ಚು. ಹಾಗಾಗಿ ಪೇಸ್ಟಲ್, ಪೋಸ್ಟರ್ ಕಲರ್, ವಾಟರ್ ಕಲರ್ ಕೇಕ್ (ಒದ್ದೆ ಬ್ರಷ್ ತೀಡಿ ಬಳಸುವ ಒಣ ಬಣ್ಣದ ಬಿಲ್ಲೆ) ಮೂರನ್ನೂ ತಂದು ನೋಡಿದ್ದಾಗಿದೆ. ನನ್ನ ಓಟು ಕೇಕಿಗೆ.

ಪೇಸ್ಟಲ್ ಕೆಟ್ಟದ್ದೇನಲ್ಲ. ಬ್ರಷ್ ಬೇಡ, ನೀರು ಬೇಡ, ಬಣ್ಣ ಢಾಳಾಗಿ ಬರುತ್ತದೆ. ಆರು ವರ್ಷದವನ ಕೈಗೆ ಕೊಟ್ಟರೆ ಐದು ನಿಮಿಷದಲ್ಲಿ ಸೂರ್ಯ ರೆಡಿ. ತಕರಾರು ಶುರುವಾಗೋದು ಆಮೇಲೆ. ಇದರಲ್ಲಿ ಬಣ್ಣದ ಪುಡಿಯನ್ನು ಮೇಣ ಮತ್ತು ಒಣಗದ ಎಣ್ಣೆಯಲ್ಲಿ ಕಲಸಿರುತ್ತಾರೆ. ಅಂದರೆ ಚಿತ್ರ ಮುಂದಿನ ಯುಗಾದಿಗೂ ಪೂರ್ತಿ ಒಣಗಲ್ಲ. "ಅತ್ತಿ, ಇದು ಯಾವಾಗ ಆರತೈತಿ?" ಅಂತ ಸಣ್ಣವ ಕೇಳುತ್ತಲೇ ಇದ್ದ. ಹೊರಗೆ 40 ಡಿಗ್ರಿ ಬಿಸಿಲು. ಕಡ್ಡಿಗಳು ಮೆತ್ತಗಾಗಿ, ಸುತ್ತಿದ ಕಾಗದದಿಂದ ಜಾರಿ ಬೆರಳಿಗೆ ಮೆತ್ತಿಕೊಂಡವು. ಒತ್ತಿ ತೀಡಿದರೆ ಸಣ್ಣ ಸಣ್ಣ ಉಂಡೆ ಉದುರುತ್ತವೆ. ಫ್ಯಾನ್ ಹಾಕಿದರೆ ಅವು ಪಡಸಾಲೆಯ ತುಂಬ ಹಾರುತ್ತವೆ, ತುಳಿದರೆ ನೆಲದ ಮೇಲೆಲ್ಲ ನೀಲಿ ಹೆಜ್ಜೆ. ಫ್ಯಾನ್ ಬಂದ್ ಮಾಡಿದರೆ ನಾವೇ ಕರಗುತ್ತೇವೆ.

ಇಷ್ಟರಲ್ಲಿ ಅವ್ವ ಊಟಕ್ಕೆ ಕರೆದಳು. ಇವನು ಅದೇ ಕೈಯಲ್ಲಿ ಓಡಿಹೋಗಿ ಅವಳ ಇಳಕಲ್ ಸೀರೆ ಹಿಡಿದ. ಕೆಂಪು ಸೆರಗಿನ ಬಿಳಿ ಪಟ್ಟೆಯ ಮೇಲೆ ಹಸಿರು ಬೆರಳಚ್ಚು. ನೀರು ಹಾಕಿ ಒರೆಸಿದರೆ ಇನ್ನೂ ಹರಡಿತು, ಜಿಡ್ಡಲ್ವಾ. ಪಾತ್ರೆ ತೊಳೆಯೋ ಲಿಕ್ವಿಡ್ ಹಚ್ಚಿ ಮೆಲ್ಲಗೆ ತಿಕ್ಕಿದ ಮೇಲೆ ಮುಕ್ಕಾಲು ಹೋಯಿತು. ಉಳಿದ ಕಾಲು ಭಾಗದ ಬಗ್ಗೆ ಅವ್ವ ಈಗಲೂ ಮಾತಾಡುತ್ತಾಳೆ.

ಚಿತ್ರ ಎತ್ತಿಡೋದು ಬೇರೆ ಪಾಡು. ಹಾಳೆಯ ಮೇಲೆ ಹಾಳೆ ಇಟ್ಟರೆ ಅಕ್ಕನ ನವಿಲು ತಮ್ಮನ ಸೂರ್ಯನ ಹಿಂಬದಿಗೆ ಅಚ್ಚಾಗಿರುತ್ತದೆ, ಆಮೇಲೆ ಜಗಳ. ನಡುವೆ ಬಟರ್ ಪೇಪರ್ ಹಾಕಬೇಕು, ಅದಕ್ಕೆ ಮತ್ತೆ ದುಡ್ಡು.

ಪೋಸ್ಟರ್ ಕಲರ್ ದಪ್ಪ ಬಣ್ಣ. ಕಪ್ಪಿನ ಮೇಲೆ ಹಳದಿ ಹಚ್ಚಿದರೂ ಕಾಣುತ್ತದೆ. ಮುಚ್ಚಳ ಸಡಿಲ ಬಿಟ್ಟರೆ ಮುಂದಿನ ರಜೆಗೆ ಬಾಟಲಿಯಲ್ಲಿ ಒಣಗಿದ ಹೆಂಟೆ. ಬಿಳಿ ಯಾವಾಗಲೂ ಮೊದಲು ಖಾಲಿ. ಆದರೆ ಮಣ್ಣೆತ್ತಿನ ಅಮಾವಾಸ್ಯೆ ಹೊತ್ತಿಗೆ ಮಕ್ಕಳು ಆಟಕ್ಕೆ ಅಂತ ಮಾಡುವ ಎರೆಮಣ್ಣಿನ ಎತ್ತುಗಳಿಗೆ ಇದೇ ಸೈ. ಕೇಕ್ ಬಣ್ಣ ಕರಿ ಮಣ್ಣಿನ ಮೇಲೆ ಕಾಣೋದೇ ಇಲ್ಲ.

ಇನ್ನು ನಮ್ಮ ಕೇಕ್. 12 ಬಿಲ್ಲೆಗಳ ಡಬ್ಬಿ, ನೂರು ರೂಪಾಯಿ ಒಳಗೆ. ಕಲೆ ಬಿದ್ದರೆ ತಕ್ಷಣ ತೊಳೆದರೆ ಸಾಕು. ಜೊತೆಗೆ ಬರುವ ಬ್ರಷ್ ಮಾತ್ರ ಎಸೆಯಿರಿ, ಅದರ ಕೂದಲೆಲ್ಲ ಚಿತ್ರಕ್ಕೇ ಅಂಟುತ್ತದೆ. ಒಂದು 6ನೇ ನಂಬರಿನ ದುಂಡು ಬ್ರಷ್ ತಗೊಳ್ಳಿ. ತೆಳು ಡ್ರಾಯಿಂಗ್ ಪುಸ್ತಕದ ಹಾಳೆ ನೀರಿಗೆ ಸುಕ್ಕಾಗುತ್ತದೆ, ದಪ್ಪ ಹಾಳೆ ಬೇಕು. ಹಳದಿ ಬಿಲ್ಲೆ ಅರ್ಧ ತಾಸಿನಲ್ಲಿ ಕೆಸರು ಬಣ್ಣಕ್ಕೆ ತಿರುಗುತ್ತದೆ, ಒದ್ದೆ ಬಟ್ಟೆಯಿಂದ ಒರೆಸಿದರೆ ಸರಿ.

ಬಾದಾಮಿಗೆ ಹೋದಾಗ ಡಬ್ಬಿ ಜಂಪರ್ ಕಿಸೆಯಷ್ಟು ಜಾಗ ಕೇಳಿತು, ಅಷ್ಟೇ. ಅಲ್ಲಿನ ಮೂರನೇ ಗುಹೆ ಕ್ರಿ.ಶ. 578ರದ್ದು. ಅಲ್ಲಿ ಸೂರಿನಡಿ ಉಳಿದಿರುವ ಮಾಸಿದ ಬಣ್ಣ ನೋಡಿ ದೊಡ್ಡವಳು ಕೆಳಗಿಳಿಯಲು ಒಪ್ಪಲೇ ಇಲ್ಲ. ಆಮೇಲೆ ಅಗಸ್ತ್ಯ ತೀರ್ಥ ಕೆರೆಯ ಮೆಟ್ಟಿಲ ಮೇಲೆ ಕೂತು ಭೂತನಾಥ ಗುಡಿ ಬಿಡಿಸಿದೆವು. ಬಂಡೆಗೆ ಕಂದು, ಕೆಂಪು, ಚೂರು ಹಳದಿ. ಬಿಸಿಲು ಬಿದ್ದ ಗೋಡೆಗೆ ಬಣ್ಣವೇ ಹಚ್ಚಬೇಡ, ಕಾಗದವನ್ನೇ ಬಿಡು ಅಂದೆ. ಬಿಟ್ಟಳು, ಬಿಸಿಲು ಬಂತು! ಪೇಸ್ಟಲ್‌ನಲ್ಲಿ ಇದನ್ನು ತೋರಿಸಿಕೊಡೋಕೆ ನನಗೆ ಆಗಿರಲಿಲ್ಲ. ನೀರಿನ ಬಾಟಲಿಯನ್ನು ಮಂಗ ಒಯ್ದಿತು. ಪೋಸ್ಟರ್ ಬಾಟಲಿ ಹರವಿದ್ದರೆ ಅವನ್ನೂ ಒಯ್ಯುತ್ತಿತ್ತು.

ನನಗೆ ಕೆಲಸ ಮುಗಿದ ಮೇಲೆ ಸಿಗೋದು ಒಂದು ತಾಸು. ಬೇಗ ಹರವಿ ಬೇಗ ಮಡಚುವಂಥದ್ದೇ ಬೇಕು. ನಿಮ್ಮ ಮನೆಯಲ್ಲಿ ತೀರಾ ಸಣ್ಣ ಮಗು ಇದ್ದರೆ ಮೇಣದ ಕ್ರೆಯಾನ್ ಕೊಟ್ಟುಬಿಡಿ. ಪೇಸ್ಟಲ್ ಬೇಕೇ ಬೇಕು ಅಂದರೆ ಬಿಳಿ ಕಡ್ಡಿ ಒಂದು ಸಾಕು. ಬಿಳಿ ಹಾಳೆಯ ಮೇಲೆ ಅದರಲ್ಲಿ ಹೆಸರು ಬರೆದು ಮೇಲೆ ಕೇಕ್ ಬಣ್ಣ ಬಳಿಯಿರಿ. ಎಣ್ಣೆ ಇದ್ದಲ್ಲಿ ನೀರು ಹಿಡಿಯಲ್ಲ, ಹೆಸರು ಎದ್ದು ಬರುತ್ತದೆ. ಸಣ್ಣವ ಇದನ್ನೇ ಓಣಿ ಮಕ್ಕಳಿಗೆಲ್ಲ ಜಾದೂ ಅಂತ ತೋರಿಸಿ ಬಂದಿದ್ದಾನೆ.